ರಾತ್ರಿ ಕುಣಿದವನ ನಿದ್ರೆ

ಹೊನ್ನಾವರದ ಬಸ್ ನಿಲ್ದಾಣದಲ್ಲಿ ಚಳಿಗಾಲದ ಬೆಳಗ್ಗೆ ಏಳು ಗಂಟೆಗೆ ನಿಂತು ನೋಡಿದವರಿಗೆ ಒಂದು ದೃಶ್ಯವು ಪರಿಚಿತವಾಗಿರಬೇಕು. ಊರೆಲ್ಲ ಮಿಂದು, ಚಹಾ ಕುಡಿದು, ಕೆಲಸಕ್ಕೆ ಹೊರಟಿರುತ್ತದೆ. ಆ ಜನಪ್ರವಾಹಕ್ಕೆ ಎದುರಾಗಿ ಇಬ್ಬರು ಮೂವರು ಮಾತ್ರ ಮನೆಯ ಕಡೆಗೆ ಮರಳುತ್ತಿರುತ್ತಾರೆ. ಮುಖವನ್ನು ಎಣ್ಣೆ ಹಚ್ಚಿ ತೊಳೆದಿದ್ದರೂ ಕಿವಿಯ ಹಿಂದೆ ತುಸು ಬಣ್ಣ ಉಳಿದಿರುತ್ತದೆ, ಕಣ್ಣು ಕೆಂಪಾಗಿರುತ್ತದೆ, ಹೆಜ್ಜೆ ಇಡುವಾಗ ಮೊಣಕಾಲನ್ನು ಜೋಪಾನವಾಗಿ ಊರುತ್ತಾರೆ. ಹಿಂದಿನ ರಾತ್ರಿ ಎಲ್ಲಿಯೋ ಕೊಯ್ಲಾದ ಗದ್ದೆಯಲ್ಲಿ, ಇಲ್ಲವೇ ದೇವಸ್ಥಾನದ ಬಯಲಿನಲ್ಲಿ ಯಕ್ಷಗಾನದ ಆಟ ನಡೆದಿದೆ. ಊರು ಏಳುವ ಹೊತ್ತು ಇವರಿಗೆ ಮಲಗುವ ಹೊತ್ತು.

ನನ್ನ ತರಗತಿಯಲ್ಲಿಯೂ ಇಂತಹ ಹುಡುಗನೊಬ್ಬನಿದ್ದಾನೆ. ವಾರಕ್ಕೆ ಎರಡೋ ಮೂರೋ ರಾತ್ರಿ ವೇಷ ಕಟ್ಟುತ್ತಾನೆ. ತಂದೆಯವರು ಮೀನುಗಾರಿಕೆಯ ದೋಣಿಯಲ್ಲಿ ದುಡಿಯುತ್ತಿದ್ದವರು. ಬೆನ್ನುನೋವಿನಿಂದಾಗಿ ಈಗ ಕಡಲಿಗೆ ಇಳಿಯಲಾರರು. ಆದುದರಿಂದ ವೇಷದ ಸಂಭಾವನೆಯು ಮನೆಯ ಖರ್ಚಿಗೆ ಬೇಕೇ ಬೇಕು. ಇದರ ಜೊತೆಗೆ ಅವನಿಗೆ ಇನ್ನೊಂದು ಗುರಿಯುಂಟು. ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ ಸೇರಬೇಕು. ಅದಕ್ಕಾಗಿ 1600 ಮೀಟರ್ ಓಟದಲ್ಲಿ ತೇರ್ಗಡೆ ಹೊಂದಬೇಕು. ಸಂಜೆಯಾದೊಡನೆ ಕಾಸರಕೋಡಿನ ಮರಳ ದಂಡೆಯ ಮೇಲೆ ಓಡುತ್ತಾನೆ. ಒಂದು ದಿನ ಪಾಠ ಮುಗಿದ ಮೇಲೆ ಬಂದು ನನ್ನನ್ನು ಕೇಳಿದನು:

“ಸರ್, ಆಟವಿದ್ದ ಮರುದಿನ ಹಗಲು ಮಲಗುತ್ತೇನೆ. ಹಾಗಾದರೆ ನಿದ್ದೆಯ ಲೆಕ್ಕ ಸರಿಹೋಗಬೇಕಲ್ಲವೇ? ಆದರೂ ಅಭ್ಯಾಸ ಮಾಡಿದಷ್ಟೂ ಓಟ ನಿಧಾನವಾಗುತ್ತಿದೆ. ಮೊಣಕಾಲಿನ ಕೆಳಗೆ ಎಲುಬು ನೋಯುತ್ತದೆ. ಎಲ್ಲಿ ತಪ್ಪುತ್ತಿದೆ?”

ನಾನು ಭೌತಶಾಸ್ತ್ರದ ಉಪನ್ಯಾಸಕನೇ ಹೊರತು ವೈದ್ಯನಲ್ಲ. ಎಲುಬಿನ ನೋವನ್ನು ವೈದ್ಯರಿಗೆ ತೋರಿಸೆಂದು ಹೇಳಿ ಕಳುಹಿಸಿದೆನು. ಆದರೆ ಅವನ ಪ್ರಶ್ನೆಯ ಮೊದಲನೆಯ ಭಾಗ ನನ್ನನ್ನು ಬಿಡಲಿಲ್ಲ. ಎಂಟು ತಾಸಿನ ನಿದ್ರೆಯು ರಾತ್ರಿಯಾದರೇನು, ಹಗಲಾದರೇನು, ಎಂಟು ತಾಸೇ ಅಲ್ಲವೇ? ದಣಿದ ಸ್ನಾಯುವಿಗೆ ಗಡಿಯಾರವು ಕಾಣುತ್ತದೆಯೇ? ಈ ಪ್ರಶ್ನೆಯು ಅವನೊಬ್ಬನದಲ್ಲ. ಭಟ್ಕಳ, ಹೊನ್ನಾವರ, ಕುಮಟೆಗಳ ಕರಾವಳಿಯಲ್ಲಿ ಕತ್ತಲೆಯಲ್ಲಿ ಮೈಮುರಿದು ದುಡಿದು ಬೆಳಕಿನಲ್ಲಿ ಮಲಗುವವರು ಅನೇಕರಿದ್ದಾರೆ.

ದಣಿವಿನ ಒಳಗೆ

ಮೊದಲು ದಣಿದ ಮೈಯಲ್ಲಿ ಏನಾಗಿರುತ್ತದೆ ಎಂಬುದನ್ನು ನೋಡೋಣ. ಕುಣಿಯುವಾಗ, ಓಡುವಾಗ ಸ್ನಾಯುಗಳು ಬಳಸುವ ಮುಖ್ಯ ಉರುವಲು ಗ್ಲೈಕೋಜನ್ ಎಂಬ ಪದಾರ್ಥ. ನಾವು ಉಂಡ ಅನ್ನದ ಸಕ್ಕರೆಯು ಈ ರೂಪದಲ್ಲಿ ಸ್ನಾಯುಗಳಲ್ಲಿಯೂ ಯಕೃತ್ತಿನಲ್ಲಿಯೂ ಶೇಖರವಾಗಿರುತ್ತದೆ. ದೀರ್ಘವಾದ ಶ್ರಮದಲ್ಲಿ ಈ ಕಣಜವು ಬರಿದಾದರೆ, ಚೆನ್ನಾಗಿ ಉಂಡರೂ ಅದು ತುಂಬಲು ಸುಮಾರು ಒಂದು ದಿನ ಹಿಡಿಯುತ್ತದೆ.

ಎರಡನೆಯದು ಸವೆತ. ಯಕ್ಷಗಾನದ ವೇಷಧಾರಿಯು ದಿಗಿಣ ಹಾರಿ ನೆಲಕ್ಕೆ ಇಳಿಯುವಾಗ, ಮಂಡಿಯೂರಿ ಗಿರಗಿರನೆ ತಿರುಗಿ ಏಳುವಾಗ, ಅವನ ತೊಡೆಯ ಸ್ನಾಯುಗಳು ಬಿಗಿದುಕೊಂಡಿರುವಾಗಲೇ ಎಳೆಯಲ್ಪಡುತ್ತವೆ. ಭಾರವನ್ನು ಎತ್ತುವುದಕ್ಕಿಂತ ಇಳಿಯುವ ಭಾರವನ್ನು ತಡೆಯುವುದೇ ಸ್ನಾಯುವಿಗೆ ಹೆಚ್ಚಿನ ಪೆಟ್ಟು. ಗುಡ್ಡ ಹತ್ತಿದ ಮರುದಿನಕ್ಕಿಂತ ಗುಡ್ಡ ಇಳಿದ ಮರುದಿನ ಕಾಲು ಹೆಚ್ಚು ನೋಯುವುದು ಈ ಕಾರಣದಿಂದಲೇ. ಸ್ನಾಯುವಿನ ಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಹರಕುಗಳಾಗುತ್ತವೆ. ನೋವು ಒಂದೆರಡು ದಿನಗಳಲ್ಲಿ ಏರಿ ಇಳಿಯುತ್ತದೆ. ಹರಕನ್ನು ಹೊಲಿಯುವ ಪ್ರೋಟೀನಿನ ನಿರ್ಮಾಣವು ಶ್ರಮವಾದ ಮೇಲೆ 24ರಿಂದ 48 ತಾಸುಗಳವರೆಗೂ ಹೆಚ್ಚಿನ ವೇಗದಲ್ಲಿ ನಡೆಯುತ್ತಿರುತ್ತದೆ.

ಈ ದುರಸ್ತಿಯೇ ವ್ಯಾಯಾಮದ ಫಲ. ವ್ಯಾಯಾಮವು ತಾನಾಗಿ ಯಾರನ್ನೂ ಬಲಿಷ್ಠರನ್ನಾಗಿ ಮಾಡುವುದಿಲ್ಲ, ಅದು ಕೆಡವುತ್ತದೆ. ಕೆಡವಿದ್ದನ್ನು ಮೊದಲಿಗಿಂತ ತುಸು ಗಟ್ಟಿಯಾಗಿ ಕಟ್ಟುವುದು ವಿಶ್ರಾಂತಿಯ ಕೆಲಸ. ಹೀಗಿರುವುದರಿಂದ, ಹೆಚ್ಚು ಓಡಿದಷ್ಟೂ ನಿಧಾನವಾಗುವ ಹುಡುಗನ ಕಥೆಯಲ್ಲಿ ತಪ್ಪನ್ನು ಓಟದಲ್ಲಿ ಹುಡುಕುವುದಕ್ಕಿಂತ ಹಾಸಿಗೆಯಲ್ಲಿ ಹುಡುಕುವುದು ಲೇಸು.

ನಿದ್ರೆಯ ಇಬ್ಬರು ಯಜಮಾನರು

ನಿದ್ರೆಯನ್ನು ಆಳುವವರು ಇಬ್ಬರು. ಇದನ್ನು ಸ್ಪಷ್ಟವಾದ ಸಿದ್ಧಾಂತವಾಗಿ 1982ರಲ್ಲಿ ಮಂಡಿಸಿದವರು ಸ್ವಿಟ್ಜರ್ಲೆಂಡಿನ ಅಲೆಕ್ಸಾಂಡರ್ ಬೊರ್ಬೇಲಿ ಎಂಬ ವಿಜ್ಞಾನಿ.

ಮೊದಲನೆಯ ಯಜಮಾನನು ಹಸಿವಿನಂಥವನು. ಎಚ್ಚರವಾಗಿದ್ದಷ್ಟು ಹೊತ್ತೂ ನಿದ್ರೆಯ ಒತ್ತಡವು ಏರುತ್ತಲೇ ಹೋಗುತ್ತದೆ, ಮಲಗಿದೊಡನೆ ಇಳಿಯತೊಡಗುತ್ತದೆ. ಮಿದುಳಿನಲ್ಲಿ ಅಡಿನೊಸಿನ್ ಎಂಬ ವಸ್ತುವು ಕೂಡಿಬರುವುದು ಈ ಒತ್ತಡಕ್ಕೆ ಒಂದು ಮುಖ್ಯ ಕಾರಣ. ಚಹಾ ಕಾಫಿಗಳಲ್ಲಿರುವ ಕೆಫೀನು ಈ ಅಡಿನೊಸಿನ್ ಕುಳಿತುಕೊಳ್ಳಬೇಕಾದ ಜಾಗದಲ್ಲಿ ತಾನು ಕುಳಿತು ಅದರ ಕೂಗು ಕೇಳಿಸದಂತೆ ಮಾಡುತ್ತದೆ. ಸಾಲವು ತೀರುವುದಿಲ್ಲ, ಸಾಲಗಾರನು ಬಾಗಿಲು ಬಡಿಯುವ ಸದ್ದು ಮಾತ್ರ ಅಡಗುತ್ತದೆ.

ಎರಡನೆಯ ಯಜಮಾನನು ಗಡಿಯಾರ. ಕಣ್ಣಿನ ನರಗಳೆರಡು ಒಂದನ್ನೊಂದು ದಾಟುವ ಸ್ಥಳದ ಮೇಲ್ಗಡೆ, ಸುಮಾರು 20,000 ಜೀವಕೋಶಗಳ ಒಂದು ಪುಟ್ಟ ಗುಂಪಿದೆ. ದೇಹದ ಉಷ್ಣತೆಯ ಏರಿಳಿತ, ಮೆಲಟೋನಿನ್, ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳ ಉಬ್ಬರವಿಳಿತ ಎಲ್ಲವೂ ಇದರ ತಾಳಕ್ಕೆ ನಡೆಯುತ್ತವೆ. ಜೀವಕೋಶದೊಳಗೆ ಈ ಗಡಿಯಾರವನ್ನು ನಡೆಸುವ ಜೀನುಗಳ ವ್ಯವಸ್ಥೆಯನ್ನು ಬಿಡಿಸಿ ತೋರಿಸಿದ ಹಾಲ್, ರಾಸ್ಬಾಷ್, ಯಂಗ್ ಎಂಬ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಇಂತಹ ಗಡಿಯಾರಗಳು ಮಿದುಳಿನಲ್ಲಿ ಮಾತ್ರವಲ್ಲ, ಯಕೃತ್ತಿನಲ್ಲಿಯೂ ಸ್ನಾಯುವಿನಲ್ಲಿಯೂ ಇವೆ. ದಣಿದ ಸ್ನಾಯುವಿಗೆ ಗಡಿಯಾರವು ಕಾಣುತ್ತದೆಯೇ ಎಂದು ಮೇಲೆ ಕೇಳಿದೆನಷ್ಟೆ. ಕಾಣುವುದೇನು, ಅದರೊಳಗೇ ಒಂದು ಇದೆ.

ಭೌತಶಾಸ್ತ್ರದಲ್ಲಿ ಒಂದು ಹಳೆಯ ಕಥೆಯಿದೆ. 1665ರಲ್ಲಿ ಕ್ರಿಶ್ಚಿಯನ್ ಹೈಗೆನ್ಸ್ ಎಂಬ ಡಚ್ ವಿಜ್ಞಾನಿಯು ಕಾಯಿಲೆಯಿಂದ ಮಲಗಿದ್ದಾಗ, ಒಂದೇ ಆಧಾರಕ್ಕೆ ತೂಗುಹಾಕಿದ್ದ ಎರಡು ಲೋಲಕದ ಗಡಿಯಾರಗಳು ಸ್ವಲ್ಪ ಹೊತ್ತಿನಲ್ಲಿಯೇ ಒಂದಕ್ಕೊಂದು ತಾಳ ಕೂಡಿಸಿಕೊಳ್ಳುವುದನ್ನು ಕಂಡನು. ಆಧಾರದ ಮೂಲಕ ಹಾಯುವ ಅತಿ ಸಣ್ಣ ಅಲುಗಾಟವೇ ಇದಕ್ಕೆ ಸಾಕಾಗಿತ್ತು. ದೇಹದ ಗಡಿಯಾರವನ್ನು ಭೂಮಿಯ ದಿನದೊಡನೆ ತಾಳ ಕೂಡಿಸುವ ಅಲುಗಾಟವು ಸೂರ್ಯನ ಬೆಳಕು. ಬೆಳಗಿನ ಬೆಳಕು ಗಡಿಯಾರವನ್ನು ಮುಂದಕ್ಕೆ ತಳ್ಳುತ್ತದೆ, ರಾತ್ರಿಯ ಬೆಳಕು ಹಿಂದಕ್ಕೆ ಎಳೆಯುತ್ತದೆ. ಸಾಧಾರಣವಾಗಿ ಈ ಗಡಿಯಾರವನ್ನು ಹೆಚ್ಚೆಂದರೆ ದಿನಕ್ಕೆ ಒಂದು ತಾಸಿನಷ್ಟು ಸರಿಸಬಹುದು.

ಗುಹೆಯೊಳಗೆ ಒಂದು ತಿಂಗಳು

ಈ ಗಡಿಯಾರದ ಹಟವನ್ನು ಪರೀಕ್ಷಿಸಲು ಷಿಕಾಗೋದ ನಥೇನಿಯಲ್ ಕ್ಲೈಟ್‌ಮನ್ ಎಂಬ ಪ್ರಾಧ್ಯಾಪಕರು 1938ರಲ್ಲಿ ತಮ್ಮ ಶಿಷ್ಯ ಬ್ರೂಸ್ ರಿಚರ್ಡ್‌ಸನ್ನರೊಡನೆ ಅಮೆರಿಕದ ಕೆಂಟಕಿಯಲ್ಲಿರುವ ಮ್ಯಾಮತ್ ಗುಹೆಗೆ ಇಳಿದರು. ಅಲ್ಲಿ ಹಗಲಿಲ್ಲ, ರಾತ್ರಿಯಿಲ್ಲ. ಚಳಿಯೂ ಸದಾ ಒಂದೇ ಸಮ. 32 ದಿನಗಳ ಕಾಲ ಅವರು 28 ತಾಸುಗಳ ಕೃತಕ ದಿನವನ್ನು ನಡೆಸಿದರು. ತರುಣನಾದ ಶಿಷ್ಯನ ದೇಹದ ಉಷ್ಣತೆಯು ಹೊಸ ದಿನಕ್ಕೆ ಹೊಂದಿಕೊಂಡಿತು. ನಲವತ್ತು ದಾಟಿದ್ದ ಗುರುವಿನ ದೇಹವು ಮಾತ್ರ ಹಳೆಯ 24 ತಾಸುಗಳ ಲೆಕ್ಕವನ್ನೇ ಹಿಡಿದು ನಡೆಯಿತು. ಮಲಗೆಂದರೆ ನಿದ್ರೆ ಬಾರದು, ಏಳೆಂದರೆ ಎಚ್ಚರವಾಗದು.

ಆಮೇಲಿನ ಕಾಲದಲ್ಲಿ ಇನ್ನೂ ನಿಖರವಾದ ಅಳತೆಗಳು ನಡೆದಿವೆ. 1999ರಲ್ಲಿ ಹಾರ್ವರ್ಡಿನ ಚಾರ್ಲ್ಸ್ ಸೈಸ್ಲರ್ ಮತ್ತು ಸಂಗಡಿಗರು ಮಾನವ ದೇಹದ ಗಡಿಯಾರದ ಸ್ವಂತ ದಿನವು ಸರಾಸರಿ 24 ತಾಸು 11 ಮಿನಿಟು ಎಂದು ತೋರಿಸಿದರು. ಅಂದಮೇಲೆ, ನಾವು ಯಾವ ಹೊತ್ತಿನಲ್ಲಿ ಮಲಗಿದರೂ ಗಡಿಯಾರವು ತನ್ನ ಪಾಡಿಗೆ ತಾನು ನಡೆಯುತ್ತಿರುತ್ತದೆ. ರಾತ್ರಿಯ ಕೆಲಸವನ್ನೇ ಖಾಯಂ ಮಾಡಿಕೊಂಡವರಲ್ಲಿ ಎಷ್ಟು ಮಂದಿಯ ಗಡಿಯಾರವು ಪೂರ್ತಿಯಾಗಿ ಮಗುಚಿಕೊಳ್ಳುತ್ತದೆ? ಅದುವರೆಗಿನ ಅಧ್ಯಯನಗಳನ್ನು 2008ರಲ್ಲಿ ಒಟ್ಟುಗೂಡಿಸಿ ನೋಡಿದ ಸೈಮನ್ ಫೋಕರ್ಡ್ ಎಂಬವರಿಗೆ ದೊರೆತ ಉತ್ತರವು ನೂರಕ್ಕೆ ಮೂರಕ್ಕಿಂತಲೂ ಕಡಿಮೆ. ರಾತ್ರಿಯೆಲ್ಲ ದುಡಿದು ಮನೆಗೆ ಬರುವ ದಾರಿಯಲ್ಲಿ ಕಣ್ಣಿಗೆ ಬೀಳುವ ಎಳೆಬಿಸಿಲು ಗಡಿಯಾರವನ್ನು ಮತ್ತೆ ಮತ್ತೆ ಹಗಲಿನ ಕಡೆಗೇ ತಿರುಗಿಸಿಬಿಡುವುದು ಇದಕ್ಕೆ ದೊಡ್ಡ ಕಾರಣ.

ಹಗಲು ನಿದ್ರೆಯಲ್ಲಿ ದೊರೆಯುವುದೂ ತಪ್ಪುವುದೂ

ಈಗ ಆಟ ಮುಗಿಸಿ ಬಂದ ಹುಡುಗನ ಹಾಸಿಗೆಯ ಬಳಿಗೆ ಹೋಗೋಣ. ನಿದ್ರೆಯು ಒಂದೇ ಹದದ ವಸ್ತುವಲ್ಲ. ಸುಮಾರು 90 ಮಿನಿಟುಗಳ ಸುತ್ತುಗಳಲ್ಲಿ ಅದು ಇಳಿದು ಏರುತ್ತದೆ. ಮೊದಲ ಸುತ್ತುಗಳಲ್ಲಿ ಗಾಢ ನಿದ್ರೆ ಹೆಚ್ಚು. ಕಡೆಯ ಸುತ್ತುಗಳಲ್ಲಿ ಹಗುರ ನಿದ್ರೆಯೂ ಕನಸಿನ ನಿದ್ರೆಯೂ ಹೆಚ್ಚು.

ಗಾಢ ನಿದ್ರೆಯು ಮೊದಲನೆಯ ಯಜಮಾನನ ಆಳು. ಎಚ್ಚರ ಎಷ್ಟು ದೀರ್ಘವೋ, ಗಾಢ ನಿದ್ರೆಯ ಪಾಲು ಅಷ್ಟು ಹಿರಿದು. ಹೊತ್ತು ಯಾವುದೆಂದು ಅದು ಹೆಚ್ಚಾಗಿ ಕೇಳುವುದಿಲ್ಲ. ದೇಹದ ಬೆಳವಣಿಗೆಗೂ ದುರಸ್ತಿಗೂ ಬೇಕಾದ ಬೆಳವಣಿಗೆಯ ಹಾರ್ಮೋನು ಪಿಟ್ಯುಟರಿ ಗ್ರಂಥಿಯಿಂದ ಅತ್ಯಧಿಕವಾಗಿ ಹೊರಡುವುದು ಈ ಗಾಢ ನಿದ್ರೆಯಲ್ಲಿಯೇ. ಇದನ್ನು 1968ರಲ್ಲಿ ಪ್ರಯೋಗಗಳಿಂದ ಕಂಡುಕೊಂಡರು. ಮರುವರ್ಷ, ಮಲಗುವ ಹೊತ್ತನ್ನು ಹನ್ನೆರಡು ತಾಸು ಹಿಂದುಮುಂದು ಮಾಡಿದರೂ ಹಾರ್ಮೋನಿನ ಈ ಉಬ್ಬರವು ನಿದ್ರೆಯನ್ನೇ ಹಿಂಬಾಲಿಸಿ ಬರುತ್ತದೆಂದು ಗೊತ್ತಾಯಿತು. ಇದು ರಾತ್ರಿ ದುಡಿಯುವವರ ಪಾಲಿಗೆ ಶುಭವಾರ್ತೆ. ಹಗಲು ಮಲಗಿದರೂ ದುರಸ್ತಿಯ ಮೊದಲ ಕಂತು ಸಂದಾಯವಾಗುತ್ತದೆ.

ಆದರೆ ಎರಡನೆಯ ಯಜಮಾನನು ಸುಮ್ಮನಿರುವುದಿಲ್ಲ. ಬೆಳಗ್ಗೆ ಎಂಟಕ್ಕೆ ಮಲಗಿದವನ ದೇಹದಲ್ಲಿ ಕಾರ್ಟಿಸಾಲಿನ ಬೆಳಗಿನ ಉಬ್ಬರವು ಬಂದುಹೋಗಿರುತ್ತದೆ, ಮೆಲಟೋನಿನ್ ಬತ್ತಿರುತ್ತದೆ, ಉಷ್ಣತೆಯು ಏರತೊಡಗಿರುತ್ತದೆ. ಗಾಢ ನಿದ್ರೆಯ ಒತ್ತಡ ಇಳಿಯುತ್ತಿದ್ದಂತೆಯೇ ಗಡಿಯಾರವು ‘ಏಳು, ಹಗಲಾಯಿತು’ ಎಂದು ತಟ್ಟಿ ಎಬ್ಬಿಸುತ್ತದೆ. ಹನ್ನೆರಡು ಒಂದರ ಹೊತ್ತಿಗೆ ಎಚ್ಚರವಾಗುತ್ತದೆ. ಮತ್ತೆ ಮಲಗಿದರೆ ಹೊರಳಾಟವೇ ಹೊರತು ನಿದ್ರೆಯಿಲ್ಲ. ರಾತ್ರಿಪಾಳಿಯವರ ಹಗಲು ನಿದ್ರೆಯು ರಾತ್ರಿಯ ನಿದ್ರೆಗಿಂತ ಒಂದರಿಂದ ನಾಲ್ಕು ತಾಸು ಕಿರಿದಾಗಿರುವುದನ್ನು ಅಧ್ಯಯನಗಳು ಪದೇ ಪದೇ ಕಂಡಿವೆ. ನನ್ನ ವಿದ್ಯಾರ್ಥಿಯು ‘ಎಂಟು ತಾಸು ಮಲಗುತ್ತೇನೆ’ ಎಂದು ಎಣಿಸಿದ್ದು ಹಾಸಿಗೆಯ ಮೇಲಿದ್ದ ತಾಸುಗಳನ್ನು. ಅವನ ಕೈಯಲ್ಲಿ ಒಂದು ಟಿಪ್ಪಣಿ ಪುಸ್ತಕವನ್ನು ಕೊಟ್ಟು ನಿಜವಾಗಿ ನಿದ್ರಿಸಿದ ಹೊತ್ತನ್ನು ಬರೆಯಹೇಳಿದಾಗ ಲೆಕ್ಕವು ಬೇರೆಯೇ ಆಯಿತು.

ಕಳೆದುಹೋಗುವುದು ಕಡೆಯ ಸುತ್ತುಗಳ ಹಗುರ ನಿದ್ರೆ ಮತ್ತು ಕನಸಿನ ನಿದ್ರೆ. ಇದು ಅಷ್ಟೇನೂ ಬೆಲೆಬಾಳದ ಭಾಗವೆಂದು ತಿಳಿಯಬಾರದು. ಬೆರಳುಗಳಿಂದ ಒಂದು ಹೊಸ ಅನುಕ್ರಮವನ್ನು ತಟ್ಟಲು ಕಲಿತವರು ಒಂದು ರಾತ್ರಿ ಮಲಗಿ ಎದ್ದ ಮೇಲೆ, ಮತ್ತೆ ಅಭ್ಯಾಸವಿಲ್ಲದೆಯೇ, ಸುಮಾರು ನೂರಕ್ಕೆ ಇಪ್ಪತ್ತರಷ್ಟು ವೇಗವಾಗಿ ತಟ್ಟಿದರೆಂದು 2002ರ ಒಂದು ಪ್ರಯೋಗ ತೋರಿಸಿತು. ಈ ಲಾಭವು ರಾತ್ರಿಯ ಕೊನೆಯ ಭಾಗದ ಹಗುರ ನಿದ್ರೆಯೊಡನೆ ಹೆಚ್ಚು ಹೊಂದಿಕೊಂಡಿತ್ತು. ಹೊಸ ಹೆಜ್ಜೆಯನ್ನು ಕಲಿಯುವ ಕಿರಿಯ ವೇಷಧಾರಿಗೆ ಇದು ಸಣ್ಣ ಮಾತೇ?

ಇಷ್ಟರ ಮೇಲೆ ಇನ್ನೊಂದು ತೊಡಕು. ದೇಹದ ಉಷ್ಣತೆಯು ಸಂಜೆಯ ಹೊತ್ತು ಅತ್ಯುಚ್ಚದಲ್ಲಿದ್ದು ಬೆಳಗಿನ ಜಾವ ನಾಲ್ಕೈದರ ಸುಮಾರಿಗೆ ತಳಕ್ಕಿಳಿಯುತ್ತದೆ. ಸ್ನಾಯುವಿನ ಬಲವೂ ಮನಸ್ಸಿನ ಚುರುಕೂ ಹೆಚ್ಚುಕಡಿಮೆ ಇದರ ಜೊತೆಗೇ ಇಳಿಯುತ್ತವೆ. ಆದರೆ ಪ್ರಸಂಗದ ಯುದ್ಧ, ವೀರಾವೇಶದ ಕುಣಿತ, ಚಂಡೆಯ ಅಬ್ಬರ ಇವೆಲ್ಲ ಅನೇಕ ವೇಳೆ ಅದೇ ಜಾವದಲ್ಲಿ ಬರುತ್ತವೆ. ದೇಹವು ಅತಿ ಮಂದವಾಗಿರುವ ಗಳಿಗೆಯಲ್ಲಿ ಅದರಿಂದ ಅತಿ ಕಠಿನವಾದ ಕೆಲಸವನ್ನು ಕೇಳುತ್ತೇವೆ.

ಅಳೆದು ನೋಡಿದ್ದು

ನಿದ್ರೆ ತಪ್ಪಿದರೆ ದುರಸ್ತಿಗೆ ಎಷ್ಟು ಧಕ್ಕೆಯೆಂಬುದನ್ನು ಅಳೆದು ನೋಡಿದ್ದಾರೆ. 2021ರಲ್ಲಿ ಆಸ್ಟ್ರೇಲಿಯಾದ ಡೀಕಿನ್ ವಿಶ್ವವಿದ್ಯಾಲಯದಲ್ಲಿ 13 ಮಂದಿ ತರುಣ ತರುಣಿಯರನ್ನು ಒಂದು ಇಡೀ ರಾತ್ರಿ ಎಚ್ಚರವಿರಿಸಿ ಮರುದಿನ ಪರೀಕ್ಷಿಸಿದರು. ಸ್ನಾಯುವಿನ ಪ್ರೋಟೀನು ನಿರ್ಮಾಣವು ನೂರಕ್ಕೆ 18ರಷ್ಟು ತಗ್ಗಿತ್ತು. ಕೆಡವುವ ಕಡೆಯ ಹಾರ್ಮೋನಾದ ಕಾರ್ಟಿಸಾಲ್ ನೂರಕ್ಕೆ 21ರಷ್ಟು ಏರಿತ್ತು. ಕಟ್ಟುವ ಕಡೆಯ ಟೆಸ್ಟೊಸ್ಟಿರೋನ್ 24ರಷ್ಟು ಇಳಿದಿತ್ತು. ಒಂದೇ ರಾತ್ರಿಯ ಬೆಲೆ ಇದು.

ಅದಕ್ಕೆ ಹಿಂದಿನ ವರ್ಷ, ಅದೇ ದೇಶದಲ್ಲಿ 24 ಮಂದಿ ಯುವಕರ ಮೇಲೆ ನಡೆದ ಇನ್ನೊಂದು ಪ್ರಯೋಗದಲ್ಲಿ ಸತತ ಐದು ರಾತ್ರಿ ನಾಲ್ಕೇ ತಾಸು ಮಲಗಿದವರಲ್ಲಿಯೂ ಪ್ರೋಟೀನಿನ ನಿರ್ಮಾಣವು ಕುಗ್ಗಿತು. ಆದರೆ ಆ ದಿನಗಳಲ್ಲಿ ಚುಟುಕಾದ ಬಿರುಸಿನ ವ್ಯಾಯಾಮವನ್ನು ಮಾಡಿದವರಲ್ಲಿ ಅದು ಕುಗ್ಗದೆ ನಿಂತಿತು. ನಿದ್ರೆಗೆಟ್ಟ ದಿನಗಳಲ್ಲಿ ವ್ಯಾಯಾಮವನ್ನು ಪೂರ್ತಿ ಬಿಡುವುದೇ ಜಾಣತನವೆಂದು ಹೇಳುವಂತಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ನಿಜಸಂಗತಿಯು ಯಾವಾಗಲೂ ನಾವು ಬಯಸಿದಷ್ಟು ಸರಳವಾಗಿರುವುದಿಲ್ಲ.

ನಿದ್ರೆಯನ್ನು ಹೆಚ್ಚಿಸಿದರೆ? ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 11 ಮಂದಿ ಬಾಸ್ಕೆಟ್‌ಬಾಲ್ ಆಟಗಾರರು ಐದರಿಂದ ಏಳು ವಾರಗಳ ಕಾಲ ರಾತ್ರಿ ಹತ್ತು ತಾಸು ಹಾಸಿಗೆಯಲ್ಲಿರಲು ಯತ್ನಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಅಂಕಣದಲ್ಲಿ ಅವರ ವೇಗದ ಓಟವು 16.2 ಸೆಕೆಂಡುಗಳಿಂದ 15.5ಕ್ಕೆ ಇಳಿಯಿತು, ಚೆಂಡೆಸೆತದ ಗುರಿಯೂ ಉತ್ತಮವಾಯಿತು. ಹೋಲಿಸಿ ನೋಡಲು ಬೇರೊಂದು ತಂಡವಿರಲಿಲ್ಲವೆಂಬುದು ಈ ಪ್ರಯೋಗದ ಕೊರತೆ. ಮತ್ತೊಂದು ಅಧ್ಯಯನವು 112 ಮಂದಿ ಶಾಲಾ ಕ್ರೀಡಾಪಟುಗಳದು. ರಾತ್ರಿ ಎಂಟು ತಾಸಿಗಿಂತ ಕಡಿಮೆ ಮಲಗುವವರಿಗೆ ಗಾಯಗಳಾಗುವ ಸಂಭವವು ಉಳಿದವರಿಗಿಂತ 1.7 ಪಟ್ಟು ಎಂದು 2014ರಲ್ಲಿ ಅದು ವರದಿಮಾಡಿತು. ಎಲುಬಿನ ನೋವನ್ನು ಹೊತ್ತುಬಂದ ಹುಡುಗನನ್ನು ನೆನೆದು ನಾನು ಆ ಅಂಕಿಯನ್ನು ಎರಡು ಸಲ ಓದಿದೆನು.

ವಾಚಕರಲ್ಲಿ ಕೆಲವರು ಇಲ್ಲಿ ತಡೆದು ಕೇಳಬಹುದು: ಮೇಳದ ಹಿರಿಯ ಕಲಾವಿದರು ಬಾಳೆಲ್ಲ ರಾತ್ರಿ ಕುಣಿದು ಗಟ್ಟಿಮುಟ್ಟಾಗಿ ಉಳಿಯಲಿಲ್ಲವೇ? ಹೊನ್ನಾವರ ತಾಲ್ಲೂಕಿನ ಗುಣವಂತೆಯಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳವನ್ನು ಕಟ್ಟಿದರು. ಅದೇ ತಾಲ್ಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 1933ರಲ್ಲಿ ಹುಟ್ಟಿ, 2012ರಲ್ಲಿ ಪದ್ಮಶ್ರೀಯನ್ನು ಪಡೆದು, ಎಂಬತ್ತು ದಾಟಿದ ಮೇಲೆಯೂ ರಂಗದಲ್ಲಿ ಕುಣಿದು 2017ರಲ್ಲಿ ತೀರಿಕೊಂಡರು. ಇದು ನಿಜ. ಆದರೆ ನಮ್ಮ ಕಣ್ಣಿಗೆ ಬೀಳುವವರು ಉಳಿದು ನಿಂತವರು. ಮೊಣಕಾಲು ಸೋತು ಮೂವತ್ತಕ್ಕೇ ವೇಷ ಬಿಚ್ಚಿಟ್ಟವರನ್ನು ಯಾರೂ ಎಣಿಸಿಲ್ಲ. ಇನ್ನೊಂದು ಮಾತೂ ಉಂಟು. ತಿರುಗಾಟದ ಕಾಲದಲ್ಲಿ ಪೂರ್ಣಕಾಲದ ಕಲಾವಿದನು ಪ್ರತಿರಾತ್ರಿಯೂ ಕುಣಿಯುತ್ತಾನೆ, ಪ್ರತಿಹಗಲೂ ಅದೇ ಹೊತ್ತಿಗೆ ಮಲಗುತ್ತಾನೆ. ಅವನ ಗಡಿಯಾರವು ಪೂರ್ತಿ ಮಗುಚದಿದ್ದರೂ ಸ್ವಲ್ಪವಾದರೂ ಹೊರಳಿರುತ್ತದೆ. ನನ್ನ ವಿದ್ಯಾರ್ಥಿಯು ಎರಡು ದಿನ ಗೂಬೆ, ಮೂರು ದಿನ ಕೋಳಿ. ಅವನ ಗಡಿಯಾರಕ್ಕೆ ಯಾವ ಕಡೆಗೆ ಹೊರಳಲೂ ಬಿಡುವಿಲ್ಲ.

ತುಂಡು ನಿದ್ರೆಯ ಲೆಕ್ಕ

ನಿದ್ರೆಯನ್ನು ಹಗಲಿಗೆ ಸರಿಸುವುದು ಒಂದು ಬಗೆ. ತುಂಡು ಮಾಡುವುದು ಇನ್ನೊಂದು ಬಗೆ. ಭಟ್ಕಳ, ಹೊನ್ನಾವರ, ಕುಮಟೆ ತಾಲ್ಲೂಕಿನ ತದಡಿ ಈ ಬಂದರುಗಳಿಂದ ಆಳಸಮುದ್ರಕ್ಕೆ ಹಲವು ದಿನಗಳ ಮಟ್ಟಿಗೆ ಹೋಗುವ ದೋಣಿಗಳಲ್ಲಿ, ಬಲೆ ಬಿಟ್ಟು ಎತ್ತುವ ಕೆಲಸವು ಹಗಲಿರುಳೂ ಸಾಗುತ್ತದೆ. ಎರಡು ಬಲೆಗಳ ನಡುವಿನ ಎರಡು ಮೂರು ತಾಸುಗಳಲ್ಲಿ ಮೀನನ್ನು ಹೆಕ್ಕಿ ವಿಂಗಡಿಸಿ, ಮಂಜುಗಡ್ಡೆಯಲ್ಲಿಟ್ಟು, ಉಳಿದಷ್ಟು ಹೊತ್ತು ಕಣ್ಣು ಮುಚ್ಚಬೇಕು. ಜೂನ್ ಒಂದರಿಂದ ಜುಲೈ ಮುಗಿಯುವವರೆಗಿನ 61 ದಿನಗಳ ಮೀನುಗಾರಿಕೆಯ ನಿಷೇಧವು ಮೀನಿನ ಸಂತಾನಕ್ಕಾಗಿ ಮಾಡಿದ್ದಾದರೂ, ದೋಣಿಯವರ ಮೈಗೂ ಅದು ಬಿಡುವು.

ನಿರ್ವಾಹವಿಲ್ಲದೆ ದೋಣಿಯವರು ಮಾಡುವ ಇದನ್ನೇ, ದಿನದಲ್ಲಿ ಹೆಚ್ಚು ಹೊತ್ತು ಉಳಿಸಬಹುದೆಂಬ ಆಸೆಯಿಂದ ಬೇಕೆಂದು ಮಾಡುವ ನಗರದ ಯುವಕರಿದ್ದಾರೆ. ಮೂರು ನಾಲ್ಕು ತಾಸಿಗೊಮ್ಮೆ ಅರ್ಧ ತಾಸು ಮಲಗಿ, ದಿನಕ್ಕೆ ಒಟ್ಟು ಎರಡು ಮೂರು ತಾಸಿನ ನಿದ್ರೆಯಲ್ಲಿ ಬದುಕುವ ಪದ್ಧತಿಯದು. ನಾನೂ ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದಾಗ ಇದರ ಮೋಹಕ್ಕೆ ಬಿದ್ದು, ಸಂಜೆಯ ಬ್ಯಾಡ್‌ಮಿಂಟನ್ನನ್ನೂ ಬಿಡದೆ, ಕೆಲವು ದಿನ ಪ್ರಯತ್ನಿಸಿದ್ದೆನು. ಆರನೆಯ ದಿನ ಆಟದಲ್ಲಿ ಕಾಲು ಉಳುಕಿತು. ಏಳನೆಯ ದಿನ ಪ್ರಯೋಗಶಾಲೆಯಲ್ಲಿ ರೋಹಿತಮಾಪಕದ ಮೇಲೆ ಹಣೆಯಿಟ್ಟು ನಿದ್ರೆಹೋದೆನು. ಪ್ರಯೋಗವು ಅಲ್ಲಿಗೆ ಮುಗಿಯಿತು. ಅಮೆರಿಕದ ರಾಷ್ಟ್ರೀಯ ನಿದ್ರಾ ಪ್ರತಿಷ್ಠಾನವು ಕೂಡಿಸಿದ ತಜ್ಞರ ಸಮಿತಿಯು ಇಂತಹ ಪದ್ಧತಿಗಳಿಂದ ಲಾಭವಾಗುವುದಕ್ಕೆ ಆಧಾರವೇ ಇಲ್ಲ, ಕೇಡಿಗೆ ಮಾತ್ರ ಆಧಾರವಿದೆ ಎಂದು 2021ರಲ್ಲಿ ತೀರ್ಮಾನಿಸಿತು.

ಹಾಗೆಂದು ನಿದ್ರೆಯನ್ನು ಎರಡು ಭಾಗ ಮಾಡುವುದೇ ದೋಷವೆಂದಲ್ಲ. ದಿನಕ್ಕೆ 14 ತಾಸಿನ ಕತ್ತಲೆಯಲ್ಲಿ ಇರಿಸಿದಾಗ ಜನರ ನಿದ್ರೆಯು ತಾನಾಗಿಯೇ ಎರಡು ತುಂಡಾಯಿತೆಂದು 1992ರಲ್ಲಿ ಥಾಮಸ್ ವೇರ್ ಎಂಬವರು ತೋರಿಸಿದ್ದಾರೆ. ಭಟ್ಕಳದಲ್ಲಿ ರಮಜಾನ್ ತಿಂಗಳಿನ ರಾತ್ರಿಗಳನ್ನು ನೋಡಿ. ತರಾವೀಹ್ ನಮಾಜು ಮುಗಿದ ಮೇಲೆ ಬೀದಿಗಳು ಜೀವ ತಳೆಯುತ್ತವೆ. ತರುಣರು ಕೆಲವರು ಆ ಹೊತ್ತಿನಲ್ಲಿ ಆಡುವುದೂ ಉಂಟು. ಮಲಗಿ, ಸಹರಿಗೆ ಎದ್ದು, ಬೆಳಗಿನ ನಮಾಜಿನ ತರುವಾಯ ಮತ್ತೆ ಮಲಗುತ್ತಾರೆ. ತಿಂಗಳು ಪೂರ್ತಿ ಈ ಕ್ರಮವು ಒಂದೇ ಸಮನಾಗಿದ್ದು, ತುಂಡುಗಳ ಒಟ್ಟು ಮೊತ್ತವು ಏಳೆಂಟು ತಾಸುಗಳಾದರೆ ಮೈಗೆ ಹೆಚ್ಚಿನ ಬಾಧೆಯಿಲ್ಲ. ಬೆಳಗ್ಗೆ ಎಂಟಕ್ಕೆ ಅಂಗಡಿ ತೆರೆಯಬೇಕಾದವನಿಗೆ ಎರಡನೆಯ ತುಂಡು ದೊರೆಯದೆ ಹೋದಾಗಲೇ ಸಂಕಟ. ತುಂಡಾದದ್ದಕ್ಕಿಂತ ಕಡಿಮೆಯಾದದ್ದೇ ಹಾನಿಕರ.

ಲಂಗರು ನಿದ್ರೆ

ಹಾಗಾದರೆ ರಾತ್ರಿ ದುಡಿಯಲೇಬೇಕಾದವನಿಗೆ ದಾರಿಯೇನು? 1981ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಮೈನರ್ಸ್ ಮತ್ತು ವಾಟರ್‌ಹೌಸ್ ಎಂಬ ಇಬ್ಬರು ಒಂದು ಸೊಗಸಾದ ಪ್ರಯೋಗವನ್ನು ಪ್ರಕಟಿಸಿದರು. ಹೊರಗಿನ ಬೆಳಕು ಕಾಣದ ಕೋಣೆಯಲ್ಲಿದ್ದವರು ದಿನಕ್ಕೆ ನಾಲ್ಕು ತಾಸು ಮಾತ್ರ ತಪ್ಪದೆ ಒಂದೇ ಹೊತ್ತಿಗೆ ಮಲಗಿದರು. ಉಳಿದ ನಾಲ್ಕು ತಾಸು ಒಂದೊಂದು ದಿನ ಒಂದೊಂದು ಹೊತ್ತು. ಆದರೂ ಅವರ ದೇಹದ ಗಡಿಯಾರವು ದಿಕ್ಕು ತಪ್ಪಲಿಲ್ಲ. ಖಾಯಮ್ಮಾದ ಆ ನಾಲ್ಕು ತಾಸುಗಳಿಗೆ ಅವರಿಟ್ಟ ಹೆಸರನ್ನು ನಮ್ಮ ಕಡಲ ತಡಿಯವರಿಗೆ ಅರ್ಥಮಾಡಿಸುವುದು ಕಷ್ಟವೇನಲ್ಲ: ‘ಲಂಗರು ನಿದ್ರೆ’. ದೋಣಿಯು ಅಲೆಗೆ ಎತ್ತ ಹೊಯ್ದಾಡಿದರೂ ಲಂಗರು ಹಿಡಿದಿದ್ದರೆ ಕೊಚ್ಚಿಹೋಗುವುದಿಲ್ಲ.

ನಾನೂ ನನ್ನ ವಿದ್ಯಾರ್ಥಿಯೂ ಕುಳಿತು ಲೆಕ್ಕ ಹಾಕಿದೆವು. ಆಟವಿಲ್ಲದ ದಿನ ಅವನು ಮಲಗುವುದು ಹನ್ನೊಂದರಿಂದ ಆರರವರೆಗೆ. ಆಟವಿದ್ದರೆ ಏಳರ ಮೇಲೆ. ಎರಡಕ್ಕೂ ಸಾಮಾನ್ಯವಾದ ಒಂದು ಗಳಿಗೆಯೂ ಇಲ್ಲ. ಲಂಗರು ಹಾಕಲು ನೆಲವೇ ಇಲ್ಲ. ಆದರೆ ಈಚಿನ ವರ್ಷಗಳಲ್ಲಿ ಮಧ್ಯರಾತ್ರಿಯ ಸುಮಾರಿಗೆ ಮುಗಿಯುವ ಕಾಲಮಿತಿಯ ಆಟಗಳು ಹೆಚ್ಚಿವೆ. ಬೆಳಗಿನವರೆಗಿನ ಆಟದಲ್ಲಿಯೂ ಮೊದಲ ಭಾಗದ ವೇಷಗಳು ಬೇಗ ಮುಗಿಯುತ್ತವೆ. ಒಂದೂವರೆಗೆ ಬಣ್ಣ ತೊಳೆದು ಎರಡಕ್ಕೆ ಮಲಗಿದರೆ, ಎರಡರಿಂದ ಆರರವರೆಗಿನ ನಾಲ್ಕು ತಾಸುಗಳು ವಾರದ ಏಳು ರಾತ್ರಿಯೂ ಒಂದೇ ಆಗುತ್ತವೆ. ಉಳಿದದ್ದನ್ನು ಮಧ್ಯಾಹ್ನ ಊಟದ ಮೇಲೆ ತುಂಬಿಸಿಕೊಳ್ಳಬಹುದು. ರಾತ್ರಿ ನಾಲ್ಕೇ ತಾಸು ಮಲಗಿದವರು ಮಧ್ಯಾಹ್ನ ಅರ್ಧ ತಾಸು ಮಲಗಿ ಎದ್ದ ಮೇಲೆ ಹೆಚ್ಚು ವೇಗವಾಗಿ ಓಡಿದರೆಂದು 2007ರ ಒಂದು ಪ್ರಯೋಗದಲ್ಲಿ ಕಂಡುಬಂದಿದೆ.

ಇಡೀ ರಾತ್ರಿಯ ಕೆಲಸ ತಪ್ಪದವರೂ ಮಾಡಬಹುದಾದದ್ದು ಕೆಲವುಂಟು. ಕೆಲಸಕ್ಕೆ ಹೊರಡುವ ಮುನ್ನ ಒಂದೂವರೆ ತಾಸು ಮಲಗಿರಬೇಕು. ಚಹಾ ಕಾಫಿಗಳನ್ನು ಮಲಗುವುದಕ್ಕೆ ಆರು ತಾಸು ಮೊದಲೇ ನಿಲ್ಲಿಸಬೇಕು. ಕೆಫೀನಿನ ಅರ್ಧ ಭಾಗವು ಮೈಯಿಂದ ಇಳಿಯಲು ಐದಾರು ತಾಸುಗಳೇ ಬೇಕು. ಮನೆಗೆ ಮರಳುವಾಗ ಕಪ್ಪು ಕನ್ನಡಕವು ಶೋಕಿಯಲ್ಲ. ಎಳೆಬಿಸಿಲನ್ನು ತಡೆಯುವ ಉಪಕರಣ. ಮಲಗುವ ಮುನ್ನ ಗಂಜಿಯ ಜೊತೆಗೆ ಮೀನೋ ಮೊಟ್ಟೆಯೋ ಬೇಳೆಯೋ ಇರಲಿ. ಕಣಜಕ್ಕೂ ಹೊಲಿಗೆಗೂ ಸಾಮಗ್ರಿ ಬೇಕು. ಕೋಣೆಯು ಕತ್ತಲಾಗಿ, ತಂಪಾಗಿ, ಸದ್ದಿಲ್ಲದಿರಬೇಕು. ನಿದ್ರೆಗೆಟ್ಟ ಮರುದಿನ ಹಗುರವಾದ ನಡಿಗೆಯಿರಲಿ; ಕಠಿನವಾದ ಓಟವನ್ನು ಚೆನ್ನಾಗಿ ಮಲಗಿ ಎದ್ದ ದಿನಕ್ಕೆ ಇಟ್ಟುಕೊಳ್ಳಬೇಕು.

ಇವುಗಳಲ್ಲಿ ಮಲಗುವವನ ಕೈಯಲ್ಲಿಲ್ಲದ್ದು ಒಂದೇ: ಸದ್ದು. ಚಿಂತೆಯಿಲ್ಲದವನಿಗೆ ಸಂತೆಯಲ್ಲಿಯೂ ನಿದ್ದೆ ಎಂದು ನಮ್ಮ ಗಾದೆ ಹೇಳುತ್ತದೆ. ಹಗಲು ಮಲಗುವವನಿಗೆ ಚಿಂತೆಯಿಲ್ಲದಿದ್ದರೂ ಸಂತೆಯು ಮಾತ್ರ ತಪ್ಪಿದ್ದಲ್ಲ. ಹುಡುಗನು ಮಲಗುವ ಕೋಣೆಯ ಗೋಡೆಗೆ ತಾಗಿಯೇ ಅಡುಗೆಮನೆ. ಹತ್ತು ಗಂಟೆಗೆ ಕಾಯಿ ರುಬ್ಬುವ ಸದ್ದು. ಬಂದವರೆಲ್ಲ, ‘ಹಗಲು ಹನ್ನೊಂದಾದರೂ ಬಿದ್ದುಕೊಂಡಿದ್ದಾನಲ್ಲ, ಕುಂಭಕರ್ಣ’ ಎಂದು ಬಾಗಿಲಲ್ಲಿ ನಿಂತು ನಗುವವರು. ರಾತ್ರಿ ಅವನ ಕುಣಿತವನ್ನು ಕಂಡು ಚಪ್ಪಾಳೆ ತಟ್ಟಿದವರೂ ಇವರೇ.

ಟಿಪ್ಪಣಿ ಪುಸ್ತಕವನ್ನು ಮನೆಯಲ್ಲಿ ತೋರಿಸಿದ ಮೇಲೆ ಅವನ ತಾಯಿಯು ಕಾಯಿಯನ್ನು ಬೆಳಗ್ಗೆಯೇ ರುಬ್ಬಿಡತೊಡಗಿದರಂತೆ. ಕಿಟಕಿಗೆ ಹಳೆಯ ಕಪ್ಪು ಕಂಬಳಿಯೊಂದು ಬಂತು. ಭಾಗವತರೊಡನೆ ಮಾತನಾಡಿ ಅವನು ಮೊದಲ ಭಾಗದ ವೇಷಗಳನ್ನು ಕೇಳಿ ಪಡೆದನು. ಬೆಳಗಿನ ಜಾವದ ವೀರವೇಷದ ಆಸೆಯನ್ನು ಒಂದು ವರ್ಷದ ಮಟ್ಟಿಗೆ ಕಟ್ಟಿಟ್ಟಿದ್ದಾನೆ. ವೈದ್ಯರು ಹೇಳಿದಷ್ಟು ವಾರ ಓಟವನ್ನು ನಿಲ್ಲಿಸಿ, ಆಮೇಲೆ ವಾರಕ್ಕೆ ಮೂರು ದಿನವಷ್ಟೇ ಓಡುತ್ತಿದ್ದಾನೆ. ಎಲುಬಿನ ನೋವು ಹೋಗಿದೆ. ಓಟದ ಹೊತ್ತು ಇಳಿಯತೊಡಗಿದೆ. ಒಬ್ಬನೇ ಹುಡುಗನ ಕೆಲವೇ ವಾರಗಳ ಬರಹವು ಪ್ರಮಾಣವಾಗದೆಂದು ಅವನಿಗೂ ಹೇಳಿದ್ದೇನೆ. ನೋವು ಇಳಿದದ್ದು ನಿದ್ರೆಯಿಂದಲೋ, ಓಟಕ್ಕೆ ಕೊಟ್ಟ ಬಿಡುವಿನಿಂದಲೋ ಬೇರ್ಪಡಿಸಿ ಹೇಳುವುದು ಸಾಧ್ಯವಿಲ್ಲ. ಅವನ ಆಯ್ಕೆಯ ಓಟ ಇನ್ನೂ ಮುಂದಿದೆ.

ರಾತ್ರಿ ಕುಣಿಯುವವನೂ, ಬಲೆ ಎಳೆಯುವವನೂ, ಆಸ್ಪತ್ರೆಯಲ್ಲಿ ಎಚ್ಚರವಿರುವ ದಾದಿಯೂ ನಮ್ಮ ಹಗಲಿಗಾಗಿ ತಮ್ಮ ಕತ್ತಲೆಯನ್ನು ಕೊಟ್ಟಿರುತ್ತಾರೆ. ಅವರ ಗಡಿಯಾರವನ್ನು ತಿರುಗಿಸುವ ವಿದ್ಯೆಯು ವಿಜ್ಞಾನಕ್ಕೆ ಇನ್ನೂ ಪೂರ್ತಿಯಾಗಿ ಕೈವಶವಾಗಿಲ್ಲ. ಅವರ ಬಾಗಿಲ ಮುಂದೆ ದನಿ ತಗ್ಗಿಸುವುದಕ್ಕೆ ಮಾತ್ರ ಯಾವ ವಿದ್ಯೆಯೂ ಬೇಡ.